ಮನೆಯ ಮುಕ್ಕಾಲು ಪಾಲು ಒಳಗೇ ಇದೆ

ಸಣ್ಣ ಕಾಂಪ್ಲೆಕ್ಸಿನಲ್ಲಿ ಕಡಿಮೆ ದುಡ್ಡಿಗೆ ಫ್ಲ್ಯಾಟ್ ಕೊಂಡವರಿಗೆ ಒಂದು ದೊಡ್ಡ ಅನುಕೂಲವಿದೆ. ಮನೆ ಪೂರ್ತಿ ಗುಡಿಸಬೇಕಾಗಿಲ್ಲ. ಕಾಗದದಲ್ಲಿ ನಮ್ಮದು 600 ಚದರಡಿ. ಟೇಪು ಹಿಡಿದು ಅಳೆದರೆ 450ರ ಆಸುಪಾಸು. ಉಳಿದದ್ದನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ, ಗಾಬರಿ ಬೇಡ. ಸ್ವಲ್ಪ ಮೆಟ್ಟಿಲಲ್ಲಿದೆ, ಸ್ವಲ್ಪ ಕಾರಿಡಾರಿನಲ್ಲಿದೆ, ಒಂದಿಷ್ಟು ಮೀಟರ್ ಬೋರ್ಡಿನ ಕೋಣೆಯಲ್ಲಿದೆ. ಇದನ್ನೆಲ್ಲ ಸೇರಿಸಿ ಅಳೆದದ್ದೇ ಸೂಪರ್ ಬಿಲ್ಟ್-ಅಪ್ ಏರಿಯಾ. ಕಾಲು ಭಾಗ ಹೀಗೆ ಆಚೆ ಉಳಿಯುವುದು ಮಾಮೂಲು, ಕೆಲವು ಕಡೆ ಇನ್ನೂ ಜಾಸ್ತಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಲಿಫ್ಟಿನ ಲೆಕ್ಕ. ಲಿಫ್ಟ್ ಇರುವುದು ಒಂದೇ. ಆದರೆ ಅದು ಓಡಾಡುವ ಜಾಗ ಪ್ರತಿ ಮಹಡಿಯಲ್ಲೂ ಇದೆಯಲ್ಲ, ಹಾಗಾಗಿ ಪ್ರತಿ ಮಹಡಿಯಲ್ಲೂ ಅದರ ಚದರಡಿ ಲೆಕ್ಕಕ್ಕೆ ಬಂದಿದೆ. ಒಟ್ಟಿನಲ್ಲಿ ಖಾಲಿ ಗಾಳಿಯನ್ನು ಮಹಡಿ ಮಹಡಿಗೂ ಕೊಂಡಿದ್ದೇವೆ. ಒಳಗಿನ ಫಲಕದಲ್ಲಿ ‘6 ಜನ, 408 ಕೆಜಿ’ ಎಂದು ಬರೆದಿದೆ. ಭಾಗಿಸಿ ನೋಡಿ, ತಲೆಗೆ ಸರಿಯಾಗಿ 68 ಕೆಜಿ. ಜನರನ್ನು ಇಷ್ಟು ಕರಾರುವಾಕ್ಕಾಗಿ ತೂಗುವ ಲೋಕದಲ್ಲಿ ಮನೆಯನ್ನು ಅಳೆಯಲು ಮಾತ್ರ ಯಾರ ಕೈಲೂ ಆಗುವುದಿಲ್ಲ.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. ಮನೆ ಕೊಳ್ಳುವವರನ್ನು ಕಾಯಲೆಂದು 2016ರಲ್ಲಿ ರೇರಾ ಕಾಯ್ದೆ ಬಂತು. ಕಾರ್ಪೆಟ್ ಏರಿಯಾ ಎಂದರೆ ಮನೆಯೊಳಗೆ ನಿಜವಾಗಿ ಬಳಸಬಹುದಾದ ಜಾಗ ಎಂದು ಅದು ಬಿಡಿಸಿ ಹೇಳಿತು. ಹೊರಗೋಡೆ ಸೇರಿಸುವಂತಿಲ್ಲ, ಪೈಪು ಹಾಯುವ ಡಕ್ಟ್ ಸೇರಿಸುವಂತಿಲ್ಲ, ಬಾಲ್ಕನಿಯೂ ಇಲ್ಲ. ಒಳಗಿನ ಅಡ್ಡಗೋಡೆಗಳು ಮಾತ್ರ ಸೇರುತ್ತವೆ. ಅಂದರೆ ರೂಮಿಗೂ ಹಾಲಿಗೂ ನಡುವಿನ ಗೋಡೆ ನಾವು ‘ಬಳಸುವ’ ಜಾಗ. ನಮ್ಮನೆಯಲ್ಲಿ ಸದ್ಯಕ್ಕೆ ಅದನ್ನು ಹಲ್ಲಿಯೊಂದು ಚೆನ್ನಾಗಿ ಬಳಸುತ್ತಿದೆ.

ಇರಲಿ, ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡು ಕಾಯ್ದೆಯ ಮುಂದಿನ ಸಾಲಿಗೆ ಹೋದರೆ ಅಲ್ಲಿ ಇನ್ನೊಂದು ಬಾಗಿಲು. ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಫ್ಲ್ಯಾಟುಗಳು 8 ದಾಟದಿದ್ದರೆ, ಬಿಲ್ಡರ್ ರೇರಾದಲ್ಲಿ ರಿಜಿಸ್ಟರ್ ಮಾಡಿಸಬೇಕಾಗಿಯೇ ಇಲ್ಲ. ನಮ್ಮ ಕಾಂಪ್ಲೆಕ್ಸಿನಲ್ಲಿ ಎಷ್ಟು ಮನೆ ಹೇಳಿ? 8. ಪಕ್ಕದ ಕಾಂಪ್ಲೆಕ್ಸಿನಲ್ಲೂ 8. ಎರಡನ್ನೂ ಕಟ್ಟಿದ್ದು ಒಬ್ಬರೇ. ಎರಡಕ್ಕೂ ಒಂದೇ ಬಣ್ಣ, ಒಂದೇ ಥರದ ಗ್ರಿಲ್, ಮಳೆ ಬಂದರೆ ಒಂದೇ ಮೂಲೆಯಲ್ಲಿ ಸೋರಿಕೆ. ನಡುವೆ ಮಾತ್ರ ಒಂದು ಕಾಂಪೌಂಡ್ ಗೋಡೆ. ಆ ಇಡೀ ಕಟ್ಟಡದಲ್ಲಿ ಬಿರುಕು ಬಿಡದ ಗೋಡೆ ಅದೊಂದೇ.

ಪಾರ್ಕಿಂಗ್ ಕಥೆ ಬೇರೆ. ಸ್ಟಿಲ್ಟ್ ಪಾರ್ಕಿಂಗ್, ಅಂದರೆ ಕಟ್ಟಡದ ಕೆಳಗೆ ಪಿಲ್ಲರ್‌ಗಳ ನಡುವೆ ಕಾರು ನಿಲ್ಲಿಸುವ ಜಾಗ, ಎಲ್ಲರಿಗೂ ಸೇರಿದ್ದು, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದು ಮುಂಬೈನ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮ್ಮ ಬಿಲ್ಡರಿಗೆ ಕೋರ್ಟೆಂದರೆ ಬಹಳ ಗೌರವ. ಅವರು ಮಾರಲಿಲ್ಲ, ‘ಅಲಾಟ್’ ಮಾಡಿ ಚೆಕ್ ಇಸ್ಕೊಂಡರು. ನನ್ನ ಪಾಲಿಗೆ ಬಂದಿದ್ದು ಎರಡು ಪಿಲ್ಲರ್ ನಡುವಿನ ಜಾಗ. ಕಾರು ಒಳಗೆ ಹೋಗುತ್ತದೆ. ಬಾಗಿಲು ತೆಗೆಯಲು ಆಗುವುದಿಲ್ಲ. ಹಿಂದಿನ ಸೀಟಿಗೆ ಹತ್ತಿ ಡಿಕ್ಕಿಯಿಂದ ಇಳಿಯಬೇಕು. ವಾಚ್‌ಮನ್‌ಗೆ ಈಗ ಅಭ್ಯಾಸವಾಗಿದೆ, ಕೈ ಕೊಟ್ಟು ಎಳೆಯುತ್ತಾನೆ.

ಇನ್ನು ಅಸೋಸಿಯೇಷನ್. 8 ಮನೆಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಜೊತೆಗೆ ಇಬ್ಬರು ಸದಸ್ಯರು. ಉಳಿದ ಮೂವರು ವಿರೋಧ ಪಕ್ಷ. ಮೇಂಟೆನೆನ್ಸ್ ಲೆಕ್ಕ ಹಾಕುವುದೂ 600 ಚದರಡಿಗೇ. ಮೆಟ್ಟಿಲಿನ ನನ್ನ ಪಾಲಿಗೂ ತಿಂಗಳು ತಿಂಗಳು ಕಟ್ಟುತ್ತೇನೆ. ನನ್ನದೇ ಅಲ್ವಾ ಎಂದುಕೊಂಡು ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇಟ್ಟೆ. ಮಾರನೇ ದಿನ ಮೆಟ್ಟಿಲ ಗೋಡೆಯ ಮೇಲೆ ನೋಟಿಸ್: ‘ಸಾಮಾನ್ಯ ಜಾಗದಲ್ಲಿ ಸ್ವಂತ ವಸ್ತು ಇಡುವಂತಿಲ್ಲ, ದಂಡ ಹಾಕಲಾಗುವುದು.’

ಕಾರ್ಯದರ್ಶಿಯವರ ಹತ್ತಿರ ಹೋದೆ.

“ಸರ್, ಈ ಕಾರಿಡಾರಿನಲ್ಲಿ ನನ್ನ ಪಾಲು ಇದೆ ತಾನೇ?”

“ಖಂಡಿತ ಇದೆ ಸರ್. ದುಡ್ಡು ಕೊಟ್ಟಿದ್ದೀರಲ್ಲ.”

“ಹಾಗಾದರೆ ಅದು ಎಲ್ಲಿದೆ ತೋರಿಸಿ. ಅಲ್ಲೇ ಇಟ್ಕೋತೀನಿ.”

“ತೋರಿಸೋಕಾಗಲ್ಲ ಸರ್. ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಇದೆ.”

ನ್ಯಾಯವಾಗಿ ಹೇಳಬೇಕೆಂದರೆ, ಬೆಂಕಿ ಬಿದ್ದರೆ ಓಡಲು ದಾರಿ ಖಾಲಿ ಇರಬೇಕು. ಅದನ್ನು ಒಪ್ಪುತ್ತೇನೆ. ನೋಟಿಸಿನ ಕೆಳಗೇ ಅಸೋಸಿಯೇಷನ್ನಿನ ಹಳೆಯ ಕಬ್ಬಿಣದ ಬೀರು ಅರ್ಧ ಮೆಟ್ಟಿಲು ಅಡ್ಡಗಟ್ಟಿ ನಿಂತಿರದಿದ್ದರೆ ಇನ್ನೂ ಬೇಗ ಒಪ್ಪುತ್ತಿದ್ದೆ. ಅದರೊಳಗೆ ಏನಿದೆ ಎಂದರೆ, ದಂಡದ ರಸೀದಿ ಪುಸ್ತಕಗಳಂತೆ.

ಈಗ ಮೇಲಿನ ಮಹಡಿಯವರು ಮನೆ ಮಾರಲು ಹೊರಟಿದ್ದಾರೆ. ಜಾಹೀರಾತಿನಲ್ಲಿ 650 ಚದರಡಿ ಎಂದು ಹಾಕಿದ್ದಾರೆ. ಅವರು ಕೊಂಡಿದ್ದೂ ನಮ್ಮ ಹಾಗೆ 600. ಮನೆ ಮಕ್ಕಳ ಹಾಗೆ ಬೆಳೆಯುತ್ತದೆಯೇ? ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟೆ.

“50 ಚದರಡಿ ಎಲ್ಲಿಂದ ಬಂತು ಸರ್?”

ಅವರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. “ನೀವು ಚಪ್ಪಲಿ ಸ್ಟ್ಯಾಂಡ್ ತೆಗೆದ್ರಲ್ಲ, ಆ ಜಾಗಾನೂ ಸೇರಿಸಿಬಿಟ್ಟೆ.”