45 ದಿನ ತಾಳಿದ್ದರೆ ಆಗುತ್ತಿತ್ತಂತೆ

"ಅಣ್ಣಾ, ನಿಮ್ದು ಆನ್ ರೋಡ್ ಎಷ್ಟಾಯ್ತು?"

ಷಡ್ಡಕ ಕೇಳಿದ್ದು ಇಷ್ಟೇ. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಅದು ನನಗೂ ಗೊತ್ತು. ಆದರೆ ಕೇಳಿದ ಜಾಗ ಯಾವುದು, ಹೊತ್ತು ಯಾವುದು? ಮಾವನ ಮನೆ ಅಂಗಳ, ಆಯುಧಪೂಜೆ ದಿನ, ಸುತ್ತ ಹದಿನೈದು ಜನ. ಮೂರು ದಿನ ಆಯ್ತು, ಆ ಮಾತು ಕಿವಿಯಿಂದ ಹೋಗುತ್ತಿಲ್ಲ.

ಎರಡೂ ಒಂದೇ ಕಾರು. ಅದೇ ಕಂಪನಿ, ಅದೇ ಮಾಡೆಲ್, ಅದೇ ವೇರಿಯಂಟ್. ನನ್ನದು ಬಿಳಿ, ಷಡ್ಡಕನದು ಬೂದು. ನನ್ನದು ಕೆಎ-06, ಅವನದು ಕೆಎ-44. ಬೇರೆ ವ್ಯತ್ಯಾಸ ಏನೂ ಇಲ್ಲ. ನನ್ನ ಕಾರು ಮನೆಗೆ ಬಂದಿದ್ದು ವರಮಹಾಲಕ್ಷ್ಮಿ ಹಬ್ಬದ ದಿನ, ಆಗಸ್ಟ್ 8. ಅವನದು ನವರಾತ್ರಿಯಲ್ಲಿ.

ಹಿರಿಯ ಅಳಿಯ ಅಂತ ನನ್ನ ಕಾರಿಗೇ ಮೊದಲು ಪೂಜೆ. ಮುಂದೆ ಎರಡು ಬಾಳೆಕಂದು ಕಟ್ಟಿದ್ದರು. ಚೆಂಡುಹೂವಿನ ಹಾರ ಹಾಕಿದ್ದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಹತ್ತಿಸಿ ಅಂದರು. ಹತ್ತಿಸಿದೆ. ಪಟಪಟ ಅಂತ ಹಣ್ಣು ಒಡೆದ ಸದ್ದು ಒಳಗೇ ಕೇಳಿಸಿತು. ಖುಷಿಯಲ್ಲೇ ಇಳಿದೆ. ಮಾವನ ಕೈಯಲ್ಲಿ ಬೂದುಗುಂಬಳಕಾಯಿ, ಅದರ ಮೇಲೆ ಕರ್ಪೂರ ಉರಿಯುತ್ತಿತ್ತು. ಅಷ್ಟರಲ್ಲಿ ಇವನು ಕೇಳಿದ.

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. "ಆಯ್ತಪ್ಪ, ಎಲ್ಲಾ ಸೇರಿ ಇಷ್ಟಾಯ್ತು" ಅಂತ ಬಾಯಿಗೆ ಬಂದ ಲೆಕ್ಕ ಹೇಳಬಹುದಿತ್ತು. ಹೊಳೆಯಲೇ ಇಲ್ಲ. ನಿಜ ಹೇಳಿಬಿಟ್ಟೆ. "ಒಂಬತ್ತು ಮೂವತ್ತೆರಡು."

ಅವನು ಸುಮ್ಮನಾದ. ಆ ಸುಮ್ಮನಾಗಿದ್ದೇ ನನ್ನನ್ನು ಕೊಂದಿದ್ದು. ಅವನ ಮುಖ ನೋಡಿದರೆ, ಕೇಳಬಾರದಿತ್ತು ಅನ್ನಿಸಿದ್ದು ಗೊತ್ತಾಗುತ್ತಿತ್ತು. "ಹೌದಾ" ಅಂದ. ನನ್ನ ಬಾಯಿ ಸುಮ್ಮನಿರಬೇಕಲ್ಲ? "ನಿಂದೆಷ್ಟು?" ಅಂದೆ. "ಎಂಟು ಇಪ್ಪತ್ನಾಲ್ಕು ಅಣ್ಣ" ಅಂತ ಮೆಲ್ಲಗೆ ಹೇಳಿದ. ಅವನ ಮಗ ಆರನೇ ಕ್ಲಾಸು. ಲೆಕ್ಕದಲ್ಲಿ ಚುರುಕು. ಎಲ್ಲರಿಗೂ ಕೇಳುವ ಹಾಗೆ ಕೂಗಿದ, "ಅಪ್ಪಾ, ದೊಡ್ಡಪ್ಪಂದು ಒಂದು ಲಕ್ಷದ ಎಂಟು ಸಾವಿರ ಜಾಸ್ತಿ!"

ಯಾರೂ ಮಾತಾಡಲಿಲ್ಲ. ಕರ್ಪೂರ ಉರೀತಾನೇ ಇತ್ತು. ಮಾವ ಕಾಯಿ ಇಳಿಸುತ್ತಾ, ನನ್ನ ಕಡೆ ನೋಡದೆ, "ಒಂದು ಸ್ವಲ್ಪ ತಾಳಬೇಕಿತ್ತು ಅಳಿಯಂದಿರು. 45 ದಿನ ಅಷ್ಟೇ" ಅಂದರು. ಅತ್ತೆಗೆ ಪಾಪ ಅನ್ನಿಸಿರಬೇಕು. "ಲಕ್ಷ್ಮಿ ಹಬ್ಬದ ದಿನ ಮನೆಗೆ ಬಂದಿದೆ, ಅದಕ್ಕೆ ಬೆಲೆ ಕಟ್ಟೋಕಾಗುತ್ತಾ" ಅಂದರು. ಅವರು ಸಮಾಧಾನ ಮಾಡಿದ್ದು ಇನ್ನೂ ಜಾಸ್ತಿ ನೋಯಿತು. ನನ್ನ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಅವಳು ನನ್ನ ಮುಖ ನೋಡಲಿಲ್ಲ, ತಂಗಿ ಮುಖಾನೂ ನೋಡಲಿಲ್ಲ. ತಟ್ಟೆಯಲ್ಲಿದ್ದ ಹೂವನ್ನು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಇಡುತ್ತಾ ಇದ್ದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳ ತವರಲ್ಲಿ ನಾನು ತಲೆ ತಗ್ಗಿಸಿದ್ದು ಅದೇ ಮೊದಲು.

ಆಮೇಲೆ ಪುರಿ ಹಂಚಿದರು. ಕೈಯೊಡ್ಡಿ ತಗೊಂಡೆ, ತಿನ್ನೋಕಾಗಲಿಲ್ಲ.

45 ದಿನ ಅಂತೆ. ಹೇಳೋದು ಸುಲಭ. ಆಗಸ್ಟ್ 8ಕ್ಕೆ ಇದು ಯಾರಿಗೆ ಗೊತ್ತಿತ್ತು? ಕೆಂಪುಕೋಟೆ ಮೇಲೆ ನಿಂತು ದೀಪಾವಳಿಗೆ ಜಿಎಸ್‌ಟಿ ಇಳಿಸ್ತೀವಿ ಅಂತ ಪ್ರಧಾನಿ ಹೇಳಿದ್ದು ಆಗಸ್ಟ್ 15ರಂದು. ನನ್ನ ಕಾರು ಬಂದು ಸರಿಯಾಗಿ ಏಳು ದಿನಕ್ಕೆ. ಅವತ್ತು ಟಿವಿ ಮುಂದೆ ಕೂತು ಕೇಳಿದ್ದೇನೆ. ನಮಗೂ ಏನಾದರೂ ಸಿಗಬಹುದೇನೋ ಅಂತ ಅಂದುಕೊಂಡಿದ್ದೆ ನೋಡಿ. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಮಾಡಿತು, 22ಕ್ಕೆ ಜಾರಿಗೆ ಬಂತು. ಆಗಸ್ಟ್ 15ರ ನಂತರ ಕೊಳ್ಳಬೇಕು ಅಂದುಕೊಂಡಿದ್ದವರೆಲ್ಲ ಕಾದರು. ಬುಕ್ ಮಾಡಿದ್ದವರೂ ಡೆಲಿವರಿ ಮುಂದಕ್ಕೆ ಹಾಕಿಸಿಕೊಂಡರು. ಅವರಿಗೆಲ್ಲ ಉಳಿಯಿತು. ನಮ್ಮಂಥವರು, ಆ ಏಳೆಂಟು ದಿನದ ಹಿಂದೆ ತಗೊಂಡವರು, ಯಾರ ಲೆಕ್ಕಕ್ಕೂ ಇಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಷಡ್ಡಕನಿಂದ ಅವನ ಬಿಲ್ಲಿನ ಫೋಟೋ ತರಿಸಿಕೊಂಡೆ. ಕೇಳೋಕೆ ನಾಚಿಕೆ ಆಯ್ತು, ಆದರೂ ಕೇಳಿದೆ. ಎರಡೂ ಬಿಲ್ ಪಕ್ಕಪಕ್ಕ ಇಟ್ಟುಕೊಂಡು ಕೂತೆ.

ನನ್ನ ಎಕ್ಸ್ ಶೋರೂಂ ರೇಟು, ಅಂದರೆ ಜಿಎಸ್‌ಟಿ ಸೇರಿ ಬರೀ ಕಾರಿನ ಬೆಲೆ, 7,50,000. ಆಗ ಸಣ್ಣ ಪೆಟ್ರೋಲ್ ಕಾರಿಗೆ 28 ಪರ್ಸೆಂಟ್ ಜಿಎಸ್‌ಟಿ, ಮೇಲೆ 1 ಪರ್ಸೆಂಟ್ ಸೆಸ್. ಈಗ ಬರೀ 18. ಅವನಿಗೆ ಅದೇ ಕಾರು 6,86,000. ಅಲ್ಲಿಗೆ 64 ಸಾವಿರ ಹೋಯಿತು. ಸಾಲದು ಅಂತ ಲೈಫ್ ಟ್ಯಾಕ್ಸ್. ನಮ್ಮ ರಾಜ್ಯದಲ್ಲಿ ಅದನ್ನು ಹಾಕೋದು ಜಿಎಸ್‌ಟಿ ಸೇರಿದ ರೇಟಿನ ಮೇಲೆ. 5ರಿಂದ 10 ಲಕ್ಷದ ಕಾರಿಗೆ 14 ಪರ್ಸೆಂಟ್, ಆ ಟ್ಯಾಕ್ಸ್ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ನಾನು ಕಟ್ಟಿದ್ದು 1,16,550. ಅವನು ಕಟ್ಟಿದ್ದು 1,06,604. ಅಂದರೆ ತೆರಿಗೆ ಅಂತ ಕೊಟ್ಟ ದುಡ್ಡಿಗೂ ನಾನು ತೆರಿಗೆ ಕಟ್ಟಿದ್ದೇನೆ. ಎಲ್ಲಾ ಸೇರಿ ಹತ್ತಿರ ಹತ್ತಿರ 74 ಸಾವಿರ.

ಸರಿ, ಆ 74 ಸಾವಿರ ನನ್ನ ಹಣೆಬರಹ. ಬಿಟ್ಟೆ. ಇಲ್ಲ, ಬಿಡೋಕೂ ಆಗುತ್ತಿಲ್ಲ. ಇದನ್ನು ನೋಡಿ. ನಾನು 6 ಲಕ್ಷ ಸಾಲ ತಗೊಂಡಿದ್ದೇನೆ, 7 ವರ್ಷಕ್ಕೆ, 9 ಪರ್ಸೆಂಟ್ ಬಡ್ಡಿ. ಈ 74 ಸಾವಿರವೂ ಆ ಸಾಲದ ಒಳಗೇ ಇದೆ. ಅದಕ್ಕೇ ತಿಂಗಳಿಗೆ 1,190 ರೂಪಾಯಿ. 84 ತಿಂಗಳಿಗೆ ಲೆಕ್ಕ ಹಾಕಿ. ಒಂದು ಲಕ್ಷ ಮುಟ್ಟುತ್ತೆ. 2032ರವರೆಗೂ ಪ್ರತಿ ತಿಂಗಳು, ಇಲ್ಲದ ಕಾರಿಗೆ ಕಂತು.

ಆದರೆ ಉಳಿದ 34 ಸಾವಿರ ಇದೆಯಲ್ಲ, ಅದಕ್ಕೂ ಜಿಎಸ್‌ಟಿ ಇಳಿದಿದ್ದಕ್ಕೂ ಸಂಬಂಧವೇ ಇಲ್ಲ. ಅದನ್ನು ಶೋರೂಮಿನವರು ನನ್ನ ಕೈಯಿಂದ ಕಿತ್ತುಕೊಂಡರು.

ಇನ್ಶೂರೆನ್ಸ್ ನನ್ನದು 38 ಸಾವಿರ, ಅವನದು 29. ಅವನು ಹೊರಗಡೆ ಮಾಡಿಸಿದ. ಇನ್ಶೂರೆನ್ಸನ್ನು ಎಲ್ಲಿ ಬೇಕಾದರೂ ಮಾಡಿಸಬಹುದು, ಶೋರೂಮಲ್ಲೇ ಮಾಡಿಸಬೇಕು ಅನ್ನೋ ರೂಲ್ಸ್ ಇಲ್ಲ. ನನಗೆ ಏನು ಹೇಳಿದರು ಗೊತ್ತಾ? "ಸಾರ್, ನಮ್ಮಲ್ಲಿ ಮಾಡಿಸದಿದ್ರೆ ಹಬ್ಬಕ್ಕೆ ಡೆಲಿವರಿ ಕೊಡೋದು ಕಷ್ಟ ಆಗುತ್ತೆ." ಕಿಟ್ ಅಂತ 14,500. ಕಿಟ್ ಒಳಗೆ ಏನಿತ್ತು ಅಂದರೆ ಫ್ಲೋರ್ ಮ್ಯಾಟು, ಮಡ್ ಫ್ಲಾಪು, ಒಂದು ಕಾರ್ ಕವರ್ರು, ಸೀಟ್ ಕವರ್ರು, ಒಂದು ಸೆಂಟಿನ ಬಾಟಲಿ. ಕಾರ್ ಕವರ್ ಹೊಲಿಗೆ ಎರಡನೇ ಮಳೆಗೇ ಬಿಚ್ಚಿತು. ಎಕ್ಸ್‌ಟೆಂಡೆಡ್ ವಾರಂಟಿ 11 ಸಾವಿರ. ಅದನ್ನು ಬೇಕು ಅಂತ ನಾನು ಕೇಳಲೇ ಇಲ್ಲ. ಬಿಲ್ಲಿನಲ್ಲಿ ಬಂದಮೇಲೆ ಕೇಳಿದರೆ, "ಎಲ್ಲರೂ ಹಾಕಿಸ್ಕೊಳ್ತಾರೆ ಸಾರ್" ಅಂದ. ಷಡ್ಡಕ ಕಿಟ್ ಬೇಡ ಅಂದ, ಕೊಡಲಿಲ್ಲ. ವಾರಂಟಿ ಬೇಡ ಅಂದ, ಹಾಕಲಿಲ್ಲ. ಬೇಡ ಅನ್ನುವ ಒಂದು ಮಾತು ಅವನ ಬಾಯಿಗೆ ಬಂತು, ನನ್ನ ಬಾಯಿಗೆ ಬರಲಿಲ್ಲ.

ಆ ಎಕ್ಸಿಕ್ಯುಟಿವ್ ಹುಡುಗ ಬರೆದುಕೊಟ್ಟ ಕೊಟೇಶನ್ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಕಾರಿನ ಗ್ಲೋವ್ ಬಾಕ್ಸಲ್ಲಿ ಇಟ್ಟಿದ್ದೇನೆ. ನೀಲಿ ಇಂಕು. 8 ಅನ್ನೋ ತಾರೀಕಿಗೆ ಎರಡು ಸುತ್ತು ಹಾಕಿದ್ದಾನೆ. ಪಕ್ಕದಲ್ಲಿ ಬಾಣದ ಗುರುತು ಹಾಕಿ, "ಹಬ್ಬದ ನಂತರ ರೇಟ್ ಜಾಸ್ತಿ" ಅಂತ ಅವನೇ ಕೈಯಾರೆ ಬರೆದಿದ್ದಾನೆ. ಬರೆಯುತ್ತಾ, "ಸಾರ್, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಅಂದ. ನಾನು ಅದನ್ನು ನಂಬಿದೆ. ಜಿಎಸ್‌ಟಿ ಇಳಿಯೋದು ಅವನಿಗೂ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ರೇಟ್ ಏರುತ್ತೆ ಅಂತ ಯಾವ ಆಧಾರದ ಮೇಲೆ ಬರೆದುಕೊಟ್ಟ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಿತ್ತು. ಆ ಒಂದು ಸಾಲು ಇಲ್ಲದೆ ಇದ್ದಿದ್ದರೆ ನಾನು ಅಷ್ಟು ಅವಸರ ಮಾಡುತ್ತಿರಲಿಲ್ಲ. ದಸರಾಕ್ಕೆ ತಗೊಳ್ಳೋಣ ಅಂತಲೇ ಮನೆಯಲ್ಲಿ ಮಾತಾಗಿತ್ತು. ಹೆಂಡತಿ ಕೂಡ ದಸರಾ ಅಂತಲೇ ಹೇಳಿದ್ದಳು. ನಾನೇ ಆ ಚೀಟಿ ತಂದು ತೋರಿಸಿ, "ನೋಡು, ಈಗಲೇ ತಗೊಂಡರೆ ಉಳಿಯುತ್ತೆ" ಅಂದೆ. ಅದಕ್ಕೇ ಅವಳು ಮೊನ್ನೆ ಹೂವು ಜೋಡಿಸುತ್ತಾ ನಿಂತಿದ್ದು ನನ್ನಿಂದ ತಡೆಯೋಕಾಗುತ್ತಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ ಶೋರೂಮಿಗೆ ಹೋಗಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಮ್ಯಾನೇಜರ್ ಕೂರಿಸಿ ಕಾಫಿ ಕೊಟ್ಟರು. "ಇನ್‌ವಾಯ್ಸ್ ಆದ ದಿನದ ರೇಟೇ ಸಾರ್, ನಮ್ಮ ಕೈಯಲ್ಲಿ ಏನೂ ಇಲ್ಲ. ನಮಗೂ ಹಳೇ ಸ್ಟಾಕಿನ ಸೆಸ್ ದುಡ್ಡು ಸಿಕ್ಕಿಹಾಕಿಕೊಂಡಿದೆ" ಅಂದರು. ಅದು ಸುಳ್ಳಲ್ಲ. ಬಿಲ್ ಆಗಿ, ದುಡ್ಡು ಕೊಟ್ಟು, ಗಾಡಿ ಬಂದಮೇಲೆ ಹಳೇ ರೇಟೇ. ಅದಕ್ಕೆ ನಾನು ಜಗಳ ಆಡಲಿಲ್ಲ. ವಾರಂಟಿ ಕ್ಯಾನ್ಸಲ್ ಮಾಡಿ ಅಂದೆ. "ಸಿಸ್ಟಮಲ್ಲಿ ಬರಲ್ಲ ಸಾರ್." ಕಂಪನಿ ವಾರಂಟಿಯೇ ಇನ್ನೂ ಇರುವಾಗ ಎಕ್ಸ್‌ಟೆಂಡೆಡ್ ವಾರಂಟಿ ಶುರುವೇ ಆಗಿಲ್ಲ. ಶುರುವೇ ಆಗದಿರೋದನ್ನು ವಾಪಸ್ ಯಾಕೆ ತಗೊಳ್ಳೋಕಾಗಲ್ಲ? ಸಿಸ್ಟಮ್ ಅಂದರೆ ಯಾರು? ಅಲ್ಲಿ ಕೂತಿರೋ ಮನುಷ್ಯರೇ ಅಲ್ವಾ? ಬರುವಾಗ ಆ ಹುಡುಗ ಇನ್ನೊಬ್ಬರ ಜೊತೆ ಕೂತು ಏನೋ ಬರೆಯುತ್ತಿದ್ದ. ಅದೇ ನೀಲಿ ಪೆನ್ನು. ನನ್ನ ಗುರುತು ಹಿಡಿದು ಎದ್ದು ನಮಸ್ಕಾರ ಮಾಡಿದ. ಬೈಯೋಕೆ ಬಾಯಿ ಬರಲಿಲ್ಲ. ಅವನಿಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವಯಸ್ಸು. ಅವನಿಗೂ ಟಾರ್ಗೆಟ್ ಇರುತ್ತೆ.

ಅಲ್ಲ, ಟಾರ್ಗೆಟ್ ಇದ್ದರೆ ಇರಲಿ. ಅದಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು?

ಯಾರಾದರೂ ಹೇಳಿ. ಆಗಸ್ಟಲ್ಲಿ ಕಾರು ತಗೊಂಡವರು ಯಾರಾದರೂ ಇದ್ದೀರಾ? ವಾರಂಟಿ ದುಡ್ಡು ವಾಪಸ್ ಸಿಕ್ಕವರು ಇದ್ದೀರಾ? ಮುಂದಿನ ವರ್ಷ ಇನ್ಶೂರೆನ್ಸ್ ರಿನ್ಯೂ ಮಾಡಿಸುವಾಗ ಕಾರಿನ ಬೆಲೆ ಹಿಡಿಯೋದು ಕಂಪನಿಯ ಆಗಿನ ರೇಟಿನ ಮೇಲೆ. ಅಂದರೆ ನಾನು ಏಳೂವರೆ ಲಕ್ಷ ಕೊಟ್ಟ ಕಾರಿಗೆ ಆರು ಎಂಬತ್ತಾರರ ಲೆಕ್ಕ ಹಿಡಿದು, ಅದರಲ್ಲಿ ಸವಕಳಿ ಕಳೆಯುತ್ತಾರೆ. ನಾಳೆ ಮಾರಲು ಹೋದರೂ ಅಷ್ಟೇ. ಹೊಸದೇ ಇಷ್ಟಕ್ಕೆ ಸಿಗುವಾಗ ನಿಮ್ಮದಕ್ಕೆ ಅಷ್ಟು ಯಾಕೆ ಕೊಡಲಿ ಅಂತಾರೆ. ಅವರು ಕೇಳೋದರಲ್ಲಿ ತಪ್ಪೇನಿದೆ? ಹಾಗಾದರೆ ತಪ್ಪು ಯಾರದು? ನನ್ನದಾ? ನನ್ನದು ಅಂತ ಯಾರಾದರೂ ನೇರವಾಗಿ ಹೇಳಿದರೂ ಒಪ್ಪಿಕೊಂಡುಬಿಡುತ್ತೇನೆ. "ಪರವಾಗಿಲ್ಲ ಬಿಡಿ" ಅಂತ ಮಾತ್ರ ಹೇಳಬೇಡಿ. ಮೂರು ದಿನದಿಂದ ಅದನ್ನೇ ಕೇಳಿ ಕೇಳಿ ಸಾಕಾಗಿದೆ.

ಕಾರಿನದ್ದೇನೂ ತಪ್ಪಿಲ್ಲ. ಅದನ್ನು ಹೇಳದಿದ್ದರೆ ಅನ್ಯಾಯ ಆಗುತ್ತೆ. ಅಮ್ಮನಿಗೆ ಮಂಡಿ ನೋವು, ತುಮಕೂರು ಬಸ್ ಸ್ಟ್ಯಾಂಡಲ್ಲಿ ಬಸ್ ಮೆಟ್ಟಿಲು ಹತ್ತೋಕೆ ಇಬ್ಬರು ಹಿಡಿದುಕೊಳ್ಳಬೇಕಿತ್ತು. ಈಗ ಮುಂದಿನ ಸೀಟಲ್ಲಿ ಕೂತು, ಕಾಲು ಚಾಚಿಕೊಂಡು, ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬರುತ್ತಾಳೆ. ಆಗಸ್ಟಲ್ಲಿ ಎರಡು ಸಲ, ಸೆಪ್ಟೆಂಬರಲ್ಲಿ ಎರಡು ಸಲ ಹೋಗಿ ಬಂದಿದ್ದಾಳೆ. ದಸರಾವರೆಗೂ ಕಾದಿದ್ದರೆ ಆ ನಾಲ್ಕು ಸಲವೂ ಬಸ್ಸೇ. ಅದನ್ನು ಯೋಚಿಸಿದಾಗ ಹೋಗಲಿ ಬಿಡು ಅನ್ನಿಸುತ್ತೆ. ಒಂದು ಗಂಟೆ ಮನಸ್ಸು ತಣ್ಣಗಿರುತ್ತೆ. ಆಮೇಲೆ ಷಡ್ಡಕನ ಮಗನ ಕೂಗು ಮತ್ತೆ ಕಿವಿಗೆ ಬೀಳುತ್ತೆ. ಒಂದು ಲಕ್ಷದ ಎಂಟು ಸಾವಿರ.

ನಾಳೆ 5ನೇ ತಾರೀಕು, ಕಂತು ಕಟ್ ಆಗುತ್ತೆ. ಸೋಮವಾರ ಅರ್ಧ ದಿನ ರಜೆ ಹಾಕಿದ್ದೇನೆ. ಆ ನೀಲಿ ಇಂಕಿನ ಚೀಟಿ ಹಿಡಿದು ಮತ್ತೆ ಶೋರೂಮಿಗೆ ಹೋಗುತ್ತೇನೆ. ಈ ಸಲ ಕಾಫಿ ಕುಡಿಯೋಲ್ಲ. ವಾರಂಟಿಯ 11 ಸಾವಿರ ವಾಪಸ್ ಕೊಡಿ, ಇಲ್ಲ ಅಂದರೆ ಕೊಡೋಕಾಗಲ್ಲ ಅಂತ ಕಾಗದದ ಮೇಲೆ ಬರೆದು, ಸೀಲ್ ಹಾಕಿ ಕೊಡಿ ಅಂತ ಕೇಳುತ್ತೇನೆ. ಹೆಂಡತಿಗೂ ಈ ಸಲ ಹೇಳಿದ್ದೇನೆ. ತಾನೂ ಬರುತ್ತೇನೆ ಅಂದಿದ್ದಾಳೆ.