ಮಳಿಗಿ ಮಾತ್ರ ಬೈಬ್ಯಾಡ್ರಿ

ನಿನ್ನೆ ಗಾಡಿ ಡಿಕ್ಕಿ ತೆಗದ್ರ ಒಳಗಿಂದ ಒಂದು ವಾಸನಿ ಬಂತು ನೋಡ್ರಿ, ಹಸಿ ಗೋಣಿಚೀಲದಾಗ ಉಳ್ಳಾಗಡ್ಡಿ ಕಟ್ಟಿಟ್ಟು ವಾರಗಟ್ಲೆ ಮರತಂಗ. ಸ್ಟೆಪ್ನಿ ಹಿಂದ ಕೈ ಹಾಕಿ ಎಳದ್ರ ಐದು ರೇನ್‌ಕೋಟ್, ಒಂದಕ್ಕೊಂದು ಅಂಟಿಕೊಂಡು, ಮಡಿಕಿ ಮಡಿಕಿಯಾಗ ಬೂಸರ ಹಿಡದು. ನಾಲ್ಕು ಹಾಲಿನ ಪಾಕೀಟಿನಂಥಾವು, ಒಂದು ಹಳದಿ. ನಮ್ಮಕಿ ಬಾಗ್ಲದಾಗ ನಿಂತು "ತಗೊಂಡವ್ರು ನೀವೇ, ಒಗಿಯವ್ರೂ ನೀವೇ" ಅಂದ್ಲು. ಒಗೀರಿ ಅಂದ್ರ ತೊಳೀರಿ ಅಂತನೋ ಬಿಸಾಡ್ರಿ ಅಂತನೋ ಕೇಳ್ಲಿಕ್ಕ ಧೈರ್ಯ ಆಗ್ಲಿಲ್ಲ. ಕಾಂಪೌಂಡ್ ಗ್ವಾಡಿ ಮ್ಯಾಲ ಹರವಿ ಸುಮ್ನ ಒಳಗ ಬಂದೆ.

ಆರು ಮಂದಿ ಹೋಗಿದ್ದಿವಿ, ಕೋಟು ಐದು. ಆರನೇದು ಯಾಕಿಲ್ಲ ಅಂತ ಆಮ್ಯಾಲ ಹೇಳ್ತೀನಿ, ಮೊದ್ಲು ನನ್ನ ಸಿಟ್ಟು ಇಳೀಲಿ.

ಆಗಸ್ಟ್ 15ಕ್ಕ ಜೋಡಿ ರಜಾ ಸಿಕ್ಕಿತ್ತು. ಹುಡುಗ್ರು ಎರಡು ವರ್ಷದಿಂದ ಆ ಪಾರ್ಕು ಈ ಪಾರ್ಕು ಅಂತ ಜೀವಾ ತಿನ್ಲತ್ತಿದ್ವು. ಬೆಂಗಳೂರು ನಮಗ ಆರ್ನೂರು ಕಿಲೋಮೀಟರ್ ಹತ್ತಿರ ಹತ್ತಿರ, ಹೈದ್ರಾಬಾದ್ ಇನ್ನೂರರ ಮ್ಯಾಲ ಸ್ವಲ್ಪ, ಕಲಬುರಗಿ ಮಂದಿಗಿ ಮದಿವಿ ಬಟ್ಟಿ ಇರ್ಲಿ ಹಾರ್ಟ್ ಆಪರೇಷನ್ ಇರ್ಲಿ ಕಾಲು ತಾನೇ ಆ ಕಡಿ ತಿರುಗ್ತಾವ, 1948ರ ತನಾ ನಿಜಾಮನ ಕೈಯಾಗಿದ್ದ ಊರು, ಅಜ್ಜಂದಿರ ರೂಢಿ ಇನ್ನೂ ಹೋಗಿಲ್ಲ ಅಂತ ಇಟ್ಕೋರಿ. ಹಂಗಾಗಿ ಹೈದ್ರಾಬಾದಿನ ರೈಡಿನ ಪಾರ್ಕಿಗಿ ಹೊಂಟವ್ರು ನಾನು, ನಮ್ಮಕಿ, ಎರಡು ಹುಡುಗ್ರು, ಅವ್ವ, ಅದರ ಮ್ಯಾಲ ಕಣ್ಣು ತೋರಿಸ್ಲಿಕ್ಕ ಊರಿಂದ ಬಂದಿದ್ದ ಮಾಮಾ. ಐದು ಸೀಟಿನ ಗಾಡಿ, ಸಣ್ಣಾಕಿ ಆಯಿ ತೊಡಿ ಮ್ಯಾಲ. ಬೆಳಗಿನ ನಾಲ್ಕೂವರಿಗಿ ಬಿಟ್ಟಿವಿ.

ಕಮಲಾಪುರದಾಗ ಇನ್ನೂ ಕತ್ಲ, ಆದ್ರೂ ಮಾಮಾ ಗಾಡಿ ನಿಂದ್ರಿಸಿ ಒಂದು ಅಂಗಡಿಯವನ್ನ ಎಬ್ಬಿಸಿ ಒಂದು ಡಜನ್ ಕೆಂಪು ಬಾಳಿಹಣ್ಣು ತಗೊಂಡ. ಹುಮನಾಬಾದ್ ದಾಟಿ ದೊಡ್ಡ ಹೈವೇ ಹತ್ತಿದ್ದೇ ತಡ, ಮಳಿ ಶುರು. ಜಹೀರಾಬಾದಿಗಿ ಬರೋದ್ರಾಗ ವೈಪರ್ ಜೋರು ಮಾಡಿದ್ರೂ ಮುಂದಿನ ಲಾರಿ ಕಾಣವಲ್ದು. ಮಗ ಹಿಂದಿಂದ "ಥೂ, ಈ ದರಿದ್ರ ಮಳಿ" ಅಂದ.

ಮಾಮಾ ಹಿಂದ ತಿರುಗಿ ನೋಡಿದ. ಹಂಗ ನೋಡಿದ್ದು ನಾನು ಸಣ್ಣಾವ ಇದ್ದಾಗ ಅವನ ಹೊಲದಾಗ ಹಸಿ ತೊಗರಿಕಾಯಿ ಕದ್ದಾಗ ಒಮ್ಮಿ ಅಷ್ಟೇ.

"ಏ ತಮ್ಮಾ, ಯಾರಿಗರೆ ಬೈಯಿ, ನಿಮ್ಮಪ್ಪಗ ಬೈಯಿ, ಮಳಿಗಿ ಮಾತ್ರ ಬೈಬ್ಯಾಡ. ಬೈಸಿಕೊಂಡ ಮಳಿ ತಿರುಗಿ ಬರಂಗಿಲ್ಲ."

ನಿಮ್ಮಪ್ಪಗ ಬೈಯಿ ಅನ್ನೋ ಮಾತು ಹುಡುಗ ಗಂಟು ಕಟ್ಟಿ ಇಟ್ಕೊಂಡ, ಅದು ಬ್ಯಾರೆ ಸುದ್ದಿ. ಆದ್ರ ಮಾಮಾನ ಮಾತಿಗಿ ಗಾಡ್ಯಾಗ ಯಾರೂ ಎದ್ರು ಆಡ್ಲಿಲ್ಲ, ಆಡೋ ಹಂಗೂ ಇಲ್ಲ. ನಮ್ಮ ಕಡಿ ಬಿಸ್ಲು ಎಂಥಾದು ಅಂದ್ರ ಏಪ್ರಿಲ್ ಮೇ ತಿಂಗಳಾಗ ಸರ್ಕಾರಿ ಆಫೀಸೇ ಮುಂಜಾನಿ 8ಕ್ಕ ತೆಗದು ಮಧ್ಯಾಹ್ನ 1:30ಕ್ಕ ಬಾಗ್ಲ ಹಾಕ್ತದ, ನಾನೇ ಆ ಟೈಮಿಗಿ ದುಡಿಯಾಂವ. ಅಂಥಾ ಊರಾಗ ಹುಟ್ಟಿ ಮಳಿಗಿ ಬೈದ್ರ ಬಾಯಾಗ ಹುಳ ಬೀಳ್ತಾವ ಅಂತ ಅವ್ವನೂ ಸೇರಿಸಿದ್ಲು. ಅದರಾಗ ಮಾಮಾಂದು ಹದಿನಾಲ್ಕು ಎಕರೆ ಕರೀ ನೆಲ, ಪೂರಾ ತೊಗರಿ, ನಡುವ ಸ್ವಲ್ಪ ಹೆಸರು. 2019ರಾಗ ಕಲಬುರಗಿ ತೊಗರಿಗಿ ಜಿಐ ಟ್ಯಾಗ್, ಅಂದ್ರ ಇದು ಈ ನೆಲದ್ದೇ ಅನ್ನೋ ಸರ್ಕಾರಿ ಗುರುತು, ಬಂದಾಗಿಂದ ತೊಗರಿ ತಾನೇ ಕಂಡುಹಿಡದಂಗ ಮಾತಾಡ್ತಾನ.

ಹಂಗಾಗಿ ಏನಾಯ್ತಪ್ಪಾ ಅಂದ್ರ, ಇಡೀ ದಿನಾ ನಮಗ ತ್ರಾಸ ಕೊಟ್ಟಿದ್ದು ಮಳಿ, ಬೈಸ್ಕೊಂಡಿದ್ದು ಬ್ಯಾರೆಯವ್ರು. ಪಾರ್ಕಿಂಗ್ ಹುಡುಗ ಬೈಸ್ಕೊಂಡ. ಮ್ಯಾಪು ಬೈಸ್ಕೊಂತು. ನಾನಂತೂ ನಾಲ್ಕೂ ದಿಕ್ಕಿನಿಂದ.

ಗೇಟಿನಾಗ ಚೀಲ ತೆಗಸಿ ನೋಡಿದ್ರು. ಅವ್ವ ಹಿಂದಿನ ರಾತ್ರಿ ಕುಂತು ಇಪ್ಪತ್ತು ಕಟಕ ರೊಟ್ಟಿ ಬಡದು ಶೇಂಗಾ ಹಿಂಡಿ, ಎಣ್ಣಿಗಾಯಿ ಕಟ್ಟಿಕೊಂಡು ಬಂದಿದ್ಲು, ಹೊರಗಿನ ಊಟ ಒಳಗ ನಡೆಯಂಗಿಲ್ಲ ಅಂದ್ರು. ರೊಟ್ಟಿ ಓಡಿ ಹೋಗಿ ಗಾಡ್ಯಾಗ ಇಟ್ಟು ಬಂದೆ. ಬಾಳಿಹಣ್ಣು ಮಾತ್ರ ಮಾಮಾ ಬಿಡ್ಲಿಲ್ಲ, ಹೊಟ್ಟ್ಯಾಗ ಹಾಕ್ಕೊಂಡು ಹೋದ್ರ ಹೆಂಗ ಹಿಡೀತಾರ ನೋಡೂಣು ಅಂತ ಒಬ್ಬೊಬ್ಬರ ಕೈಯಾಗ ಎರಡೆರಡು ಕೊಟ್ಟ. ಗೇಟಿನ ಮುಂದ, ಹಿಂದ ನೂರು ಮಂದಿ ಪಾಳಿ ಹಚ್ಚಿ ನಿಂತಾರ, ಆರು ಮಂದಿ ಸಾಲಾಗಿ ನಿಂತು ಹನ್ನೆರಡು ಬಾಳಿಹಣ್ಣು ತಿಂದಿವಿ. ಸಿಪ್ಪಿ ಇಟ್ಕೊಂಡು ಎಲ್ಲಿ ಒಗೀಬೇಕು ಅಂತ ಮಾಮಾ ಸೆಕ್ಯೂರಿಟಿ ಹುಡುಗನ್ನೇ ಕೇಳಿದ. ಪಾಪ, ಅವ ಕೈ ಚಾಚಿದ.

ರೇನ್‌ಕೋಟು ತಗೊಂಡಿದ್ದು ಒಳಗ. ಹೊರಗ ರೋಡಿನ ಮ್ಯಾಲ ನೂರಕ್ಕ ಒಂದು ಮಾರ್ಲತ್ತಿದ್ರು, ಚೌಕಾಶಿ ಮಾಡಿ ಎಂಬತ್ತಕ್ಕ ಇಳಸ್ತೀನಿ ಅಂತ ನಾನು ಬಿಗಿ ಹಿಡದೆ, ಅವ ಬ್ಯಾರೆ ಗಿರಾಕಿ ಕಡಿ ಹೋದ. ಒಳಗ ಅದೇ ಪ್ಲಾಸ್ಟಿಕ್ಕಿಗಿ ಎರಡುನೂರಾ ಐವತ್ತು. ಹಳದಿದು ಮುನ್ನೂರು, ಅದು ನನ್ನ ಅಳತಿದು. ನಮ್ಮಕಿ ಏನೂ ಅನ್ಲಿಲ್ಲ, ಅಂದಿದ್ರೇ ಛಲೋ ಇತ್ತು. ಮಾಮಾ ತನಗ ಬ್ಯಾಡ ಅಂದ. ವರ್ಷಾ ಪೂರ್ತಿ ಬಾ ಬಾ ಅಂತ ಕರದು, ಬಂದಾಗ ಪ್ಲಾಸ್ಟಿಕ್ ಸುತ್ತಿಕೊಂಡು ನಿಂತ್ರ ಅದು ಏನು ತಿಳ್ಕೊಂಡೀತು ಅಂದ. ಹೆಗಲ ಮ್ಯಾಲಿನ ಟಾವೆಲ್ ಮಡಚಿ ಕೊಪ್ಪಿ ಮಾಡಿ ತಲಿಗಿ ಹಾಕ್ಕೊಂಡ.

ಒಳಗಿನ ಗದ್ಲದ ವರ್ಣನಾ ಬ್ಯಾಡ, ಶರಣಬಸಪ್ಪನ ಜಾತ್ರಿ ನೋಡಿದವ್ರಿಗಿ ಗದ್ಲ ಹೊಸಾದಲ್ಲ. ಜಾತ್ರ್ಯಾಗ ಒಂದು ಸುಖಾ ಅದ, ನೂಕಿದ್ರ ಮುಂದ ಹೋಗ್ತೀವಿ. ಇಲ್ಲಿ ಪೈಪಿನ ಕಟಾಂಜನದಾಗ ಹಾವಿನಂಗ ಸುತ್ತಿ ಸುತ್ತಿ, ಈಗ ಎದ್ರಿಗಿ ಬಂದ ಮುಖಾನೇ ಮತ್ತ ಹತ್ತು ಮಿನಿಟಿಗಿ ಎದ್ರಿಗಿ ಬರ್ತದ, ಮೂರನೇ ಸುತ್ತಿನಾಗ ನಕ್ಕು ನಮಸ್ಕಾರ ಮಾಡೋ ಸಲಿಗಿ, ಐದನೇ ಸುತ್ತಿನಾಗ ಇಬ್ಬರಿಗೂ ಇಬ್ಬರ ಮುಖಾ ಸಾಕಾಗಿರ್ತದ. ಒಂದೂ ಮುಕ್ಕಾಲು ತಾಸು ನಿಂತಿವಿ. ನಮ್ಮ ಮುಂದ ಎಂಟು ಮಂದಿ ಉಳದಾಗ ಮಿಂಚು ಹೊಡೀತು, ಎತ್ತರದ ರೈಡು ಬಂದ್. ಮಿಂಚಿನಾಗ ಮಂದಿನ್ನ ಕಬ್ಬಿಣದ ತುದಿಗಿ ಒಯ್ದು ಕೂಡ್ಸಬಾರ್ದು, ಬರೋಬ್ಬರಿ ಅದ, ನಾನೇನು ತಿಳೀಲಾರ್ದಾವಲ್ಲ. ಆದ್ರ ಆ ಎಂಟು ಮಂದಿ ನಮಗಿಂತ ಮೊದ್ಲು ಯಾಕ ಬಂದ್ರು ಅನ್ನೋದು ನನ್ನ ಪ್ರಶ್ನಾ.

ಹೊತ್ತು ನಾಲ್ಕು ಆಗಿತ್ತು. ಮೈಕಿನಾಗ ತೆಲುಗಿನಾಗ, ಹಿಂದಿಯಾಗ, ಇಂಗ್ಲೀಷಿನಾಗ ಹೇಳಿದ್ರು, ಈಗ ರೇನ್ ಡ್ಯಾನ್ಸ್ ಶುರು ಅಂತ. ಮಂದಿ ಓಡಿದ್ರು ನೋಡ್ರಿ. ಜಿಟಿ ಜಿಟಿ ಮಳಿ ಹತ್ತೇ ಇತ್ತು, ಆ ಮಳ್ಯಾಗ ರೇನ್‌ಕೋಟು ಹಾಕ್ಕೊಂಡು, ತಲಿ ತೋಯ್ಲಾರ್ದಂಗ ಟೊಪ್ಪಿಗಿ ಎಳ್ಕೊಂಡು, ಮಳಿಗಿ ಪಾಳಿ ಹಚ್ಚಿದ್ರು. ಗೇಟಿನ ಬಲ್ಲಿ ಹೋಗಿ ಕೋಟು ಬಿಚ್ಚಿ, ಅದನ್ನ ಹೊರಗ ನಿಂತವ್ರ ಕೈಯಾಗ ಕೊಟ್ಟು, ಮ್ಯಾಲಿನ ಪೈಪಿನ ತೂತಿನಿಂದ ಬೀಳೋ ನೀರಾಗ ಕುಣೀಲತ್ತಿದ್ರು. ಹೊರಗ ಕೋಟು ಹಿಡಕೊಂಡು ನಿಲ್ಲೋ ನೌಕರಿ ನಂದು. ಅವ್ವ ಬ್ಯಾಗ್ ಕಾಯಾಕಿ, ನಾನು ಕೋಟು ಕಾಯಾಂವ.

ಮಾಮಾ ಬಾಜೂಕ ಬಂದು ನಿಂತ. ಭಾಳ ಹೊತ್ತು ನೋಡಿದ.

"ಇದೇನು ತಮ್ಮಾ?"

"ಮಳಿ ಡ್ಯಾನ್ಸ್, ಮಾಮಾ."

"ಮಳಿ ಬರ್ಲತ್ತದಲಾ?"

"ಇದು ಬ್ಯಾರೆ ಮಳಿ."

"ಇದಕ್ಕೂ ಪಾಳಿ?"

ಸ್ವಲ್ಪ ತಡದು, ನನ್ನ ಕಡಿ ನೋಡಿ, "ನಿಂಗ ಗುರ್ಜಿ ಹೊರಿಸಿದ್ದು ನೆಪ್ಪದೇನು?" ಅಂದ.

ನೆಪ್ಪಿರಲಾರ್ದ ಏನು! ನಾನು ನಾಕನೇತ್ತ ಪಾಸಾಗಿದ್ದೆ, ಸೂಟಿಗಿ ಮಾಮಾನ ಊರಿಗಿ ಹೋಗಿದ್ದೆ. ಮಿರಗಾ ಮಳಿ ಹೋಯ್ತು, ಆರಿದ್ರಿ ಮಳಿ ಹೋಯ್ತು, ಒಂದು ಹನಿ ಇಲ್ಲ, ಬಿತ್ಲಿಕ್ಕ ತೆಗದಿಟ್ಟ ಬೀಜಾ ಇಲಿ ತಿನ್ಲತ್ತಿದ್ವು. ಊರವ್ರು ಗುರ್ಜಿ ಹೊರಸೂಣು ಅಂದ್ರು. ಸಗಣಿಲೆ ಗುರ್ಜವ್ವನ ಮಾಡಿ, ಗರಿಕಿ ಸಿಗಿಸಿ, ರೊಟ್ಟಿ ಹಂಚಿನ ಮ್ಯಾಲ ಕೂಡ್ಸಿ, ಒಬ್ಬ ಹುಡುಗನ ತಲಿ ಮ್ಯಾಲ ಇಟ್ಟು ಮನಿ ಮನಿ ತಿರುಗೋದು, ಹಾಡು ಹೇಳೋದು, ಮನ್ಯಾಗಿನವ್ರು ಹುಡುಗನ ತಲಿ ಮ್ಯಾಲ ಕೊಡ ನೀರು ಸುರೀತಾರ, ಅವ ಗಿರಗಿರ ತಿರುಗ್ತಾನ. ಊರ ಹುಡುಗ್ರಿಗಿ ಇದರ ರುಚಿ ಗೊತ್ತಿತ್ತು, ಆವೊತ್ತು ಒಬ್ಬನೂ ಕೈಗಿ ಸಿಗ್ಲಿಲ್ಲ. ಪಟ್ಟಣದಿಂದ ಬಂದ ಮಳ್ಳ ನಾನು, ಕುಣಕೋತ ಹೋಗಿ ತಲಿ ಕೊಟ್ಟೆ.

ಮೊದಲ ನಾಲ್ಕು ಮನಿ ಮಜಾ ಇತ್ತು, ಬಿಸ್ಲು ಹಂಗಿತ್ತು. ಐದನೇ ಮನಿಯಿಂದ ಹಂಚಿನ ಮಸಿ ಕರಗಿ ಹಣಿ ಮ್ಯಾಲಿಂದ ಕಣ್ಣಾಗ ಇಳೀಲತ್ತು. ಆಮ್ಯಾಲ ಗುರ್ಜವ್ವನೂ ಕರಗ್ಲತ್ತಿದ್ಲು. ಬಾಯಿ ಮುಚ್ಚಿದ್ರ ಉಸಿರು ಕಟ್ಟತದ, ತೆಗದ್ರ ಸಗಣಿ ನೀರು. ಹಾಡಿಗಿ ತಕ್ಕಂಗ ತಿರುಗು ತಿರುಗು ಅಂತ ಹಿಂದಿಂದ ಮಾಮಾನೇ ತಿವೀತಿದ್ದ, ಆಗ ಅವಂಗ ಇನ್ನೂ ಮೀಸಿ ಮೂಡ್ಲತ್ತಿದ್ವು. ಊರ ಭಾವಿ ತಳಾ ಕಂಡಿತ್ತು, ಹೆಣ್ಮಕ್ಕಳು ಹಳ್ಳದಾಗ ವರತಿ ತೋಡಿ ಬಟ್ಟಲಿಲೆ ಕೊಡ ತುಂಬಿಸಿ ತರ್ತಿದ್ರು, ಒಂದು ಕೊಡ ತುಂಬ್ಲಿಕ್ಕ ಅರ್ಧ ತಾಸು. ಅಂಥಾ ನೀರು ನನ್ನ ತಲಿ ಮ್ಯಾಲ ಧಡ್ ಅಂತ ಸುರೀತಿದ್ರು, ಹಿಂದ ಮುಂದ ನೋಡ್ಲಾರ್ದ. ಒಂದು ಮನ್ಯಾಗ ಮುದುಕಿ ಒಬ್ಬಾಕಿ ಕೊಡ ಬಗ್ಗಿಸಿ ನೋಡಿದ್ಲು, ತಳದಾಗ ಸ್ವಲ್ಪ ಇತ್ತು, ಒಂದು ಚೆರಿಗಿ ತನಗ ತೆಗದಿಟ್ಟು ಉಳದಿದ್ದು ನನ್ನ ಮ್ಯಾಲ ಹಾಕಿದ್ಲು, ಒಳಗ ಹೋದಾಕಿ ಮತ್ತ ಹೊರಗ ಬಂದು ಆ ಚೆರಿಗಿನೂ ಸುರದ್ಲು. ನಲವತ್ತು ಮನಿ ಆಗೋದ್ರಾಗ ನಾನು ಗೊಳೋ ಅಂತ ಅಳ್ಲತ್ತಿದ್ದೆ. ಮಾಮಾ ಸಮಾಧಾನ ಮಾಡ್ಬೇಕೋ ಬ್ಯಾಡೋ, "ಅಳು ಅಳು, ಛಲೋ ಆಯ್ತು" ಅಂದ.

ಜೋಳಾ ಹಿಟ್ಟು ಕೂಡ್ಸಿ ಹಣಮಪ್ಪನ ಗುಡ್ಯಾಗ ಊಟಾ ಮಾಡಿದ್ರಂತ. ನಂಗ ಸಂಜಿಗೇ ಚಳಿಜ್ವರ, ಕೌದಿ ಒಳಗ. ಮಳಿ ಯಾವಾಗ ಬಂತು ಅನ್ನೋದ್ರ ಮ್ಯಾಲ ನಮ್ಮ ಮನ್ಯಾಗ ಇನ್ನೂ ಜಗಳ ಅದ. ಅವ್ವ ಮೂರನೇ ದಿನಾ ಅಂತಾಳ, ಮಾಮಾ ಎಂಟನೇ ದಿನಾ ಅಂತಾನ. ಬಂದಿದ್ದಂತೂ ಖರೇ. ಬಂದ ಕೂಡ್ಲೇ ಊರಿಗಿ ಊರೇ ಕೂರಗಿ ತಗೊಂಡು ಹೊಲಕ್ಕ ಓಡ್ತು, ಒಬ್ಬರೂ ಬಂದು ತಮ್ಮಾ ನಿನ್ನಿಂದ ಬಂತು ನೋಡು ಅಂತ ಒಂದು ಪೇಡಾ ಕೊಡ್ಲಿಲ್ಲ. ನಾನು ಕೌದ್ಯಾಗ ಮಲ್ಕೊಂಡು ಕಾಯ್ದೆ. ನಲವತ್ತು ವರ್ಷ ಆಗ್ಲಿಕ್ಕ ಬಂತು, ಆ ಸಿಟ್ಟು ಇನ್ನೂ ಹೋಗಿಲ್ಲ, ಈಗ ಬರಿಲತ್ತೀನಿ ಅಂದ್ರೂ ಕೈ ಬಿಸಿ ಆಗ್ಲತ್ತದ.

ಇದನ್ನೆಲ್ಲಾ ನೆನಸ್ಕೊಂಡು ಆ ಪೈಪು ನೋಡ್ಕೋತ ನಿಂತಾಗ ನಂಗ ಏನೋ ಒಂದು ದೊಡ್ಡ ವಿಚಾರ ತಲ್ಯಾಗ ಬರ್ಲತ್ತಿತ್ತು. ಆ ಮುದುಕಿ ಚೆರಿಗಿಗೂ ಈ ಪೈಪಿಗೂ, ಆವಾಗ ಬಿಟ್ಟೀಲೆ ತೋಯಿಸ್ಕೊಂಡಿದ್ದಕ್ಕೂ ಈಗ ರೊಕ್ಕಾ ಕೊಟ್ಟು ತೋಯಿಸ್ಕೊಳ್ಳೋದಕ್ಕೂ ನಡುವ ಏನೋ ಅದ, ಇನ್ನೊಂದು ಮಿನಿಟು ಬಿಟ್ಟಿದ್ರ ಹಿಡೀತಿದ್ದೆ. ಅಷ್ಟರಾಗ ನಮ್ಮಕಿ ಒಳಗಿಂದ ಒದರಿದ್ಲು, "ಏನ್ರೀ, ಸಣ್ಣಾಕಿದು ಒಂದು ಚಪ್ಪಲ್ ಇಲ್ಲ!" ಆತಲ್ಲ. ಮುಂದಿನ ಮುಕ್ಕಾಲು ತಾಸು ಸಾವಿರ ಕಾಲಿನ ನಡುವ ಗುಲಾಬಿ ಬಣ್ಣದ ಚಿಟ್ಟಿ ಚಿತ್ರದ ಎಡಗಾಲಿನ ಚಪ್ಪಲ್ ಹುಡುಕಿವಿ. ಸಿಗ್ಲಿಲ್ಲ. ಬಲಗಾಲಿಂದು ಒಗಿಲಿಕ್ಕ ಆಕಿ ಬಿಡ್ಲಿಲ್ಲ, ಅದೂ ಡಿಕ್ಕಿಯಾಗೇ ಸಿಕ್ತು ನಿನ್ನೆ.

ಸಂಜಿ ಆರಕ್ಕ ಪಾರ್ಕಿಂಗಿನಾಗ ಗಾಡಿ ಬಾಗ್ಲ ತೆಗದು ಇಟ್ಕೊಂಡು, ಮೈ ಎಲ್ಲಾ ತೊಪ್ಪಿ, ಮುಂಜಾನಿ ರೊಟ್ಟಿ ತಿಂದಿವಿ. ಕಟಕ ರೊಟ್ಟಿ ಹಸಿ ಗಾಳಿಗಿ ಮೆತ್ತಗಾಗಿ ಚಪ್ಪಲಿ ತೊಗಲಿನಂಗ ಆಗಿತ್ತು, ಎಳದು ಎಳದು ತಿನ್ನಬೇಕು, ಆದ್ರೂ ಇಪ್ಪತ್ತರಾಗ ಎರಡೇ ಉಳದ್ವು. ಮಾಮಾಗ ಊರಿಂದ ಫೋನ್ ಬಂತು. ಅವ ಸ್ಪೀಕರ್ ಹಾಕ್ಲಾರ್ದ ಮಾತಾಡಾಂವಲ್ಲ.

"ಎಪ್ಪಾ, ಮುಂಜಾನಿಂದ ಹೊಡೀಲತ್ತದ. ತೊಗರಿಗಿ ಛಲೋ ಆಯ್ತು. ಹೆಸರು ನಾಳಿ ಕಿತ್ಬೇಕಂತಿದ್ದಿವಿ, ಎಲ್ಲಾ ನೀರಾಗ ನಿಂತದ, ಕಾಯ್ಯಾಗೇ ಮಳಕಿ ಒಡೀತಾವ ಅನ್ನಿಸ್ತದ."

ಮಾಮಾ ರೊಟ್ಟಿ ಅಗಿಯೋದು ಬಿಟ್ಟ. ಆಕಾಶ ನೋಡಿದ. "ಇದರ ಮನಿ ಹಾಳಾಗ, ಎರಡು ದಿನಾ ತಡಿಲಿಕ್ಕ ಏನಾಗಿತ್ತು ಇದಕ್ಕ" ಅಂದ.

ಗಾಡ್ಯಾಗ ಎಲ್ಲಾರೂ ಸುಮ್ನ. ಮಗ ನನ್ನ ಮುಖಾ ನೋಡಿದ, ನಾನು ಹಿಂಡಿ ಡಬ್ಬಿ ನೋಡಿದೆ. ಅವ್ವ ಮಾತ್ರ "ತಮ್ಮಾ, ಬಾಯಿ ತೊಳ್ಕೋ" ಅಂತ ನೀರಿನ ಬಾಟ್ಲಿ ಅವನ ಕಡಿ ಮಾಡಿದ್ಲು. ಅವ ಮುಕ್ಕಳಿಸಿ ಉಗುಳಿದ, ಮಳಿ ಮತ್ತೊಂದು ಸ್ವಲ್ಪ ಜೋರಾಯ್ತು.

ನಿನ್ನೆ ರಾತ್ರಿ ಅವಂದೇ ಫೋನು. ಹೆಸರು ಅರ್ಧಕ್ಕರ್ಧ ಹೋಯ್ತಂತ, ಉಳದಿದ್ದು ಕಪ್ಪಾಗಿ ರೇಟ್ ಇಲ್ಲಂತ, ತೊಗರಿಯಾಗಿನ ನೀರು ಬಸದು ಹೋದ್ರ ಸಾಕು, ಇಲ್ಲಾಂದ್ರ ನೆಟಿ ರೋಗ ಹತ್ತತದ ಅಂದ. ಆಮ್ಯಾಲ ಸ್ವಲ್ಪ ಹೊತ್ತು ಸುಮ್ನಿದ್ದು, "ತಮ್ಮಾ, ಆ ರೇನ್‌ಕೋಟು ಒಗದಿಲ್ಲಲಾ?" ಅಂತ ಕೇಳಿದ.

"ಇಲ್ಲ, ಗ್ವಾಡಿ ಮ್ಯಾಲ ಹರವೀನಿ. ಯಾಕ?"

"ಒಂದು ಇಟ್ಟಿರು. ತೊಗರಿಗಿ ಎಣ್ಣಿ ಹೊಡಿಲಿಕ್ಕ ಬರ್ತದ."

ಯಾವುದು ಬೇಕು ಅಂದೆ. ಹಳದಿದು ಅಂದ.