ಖಾಲಿ ಸ್ಟ್ರಿಪ್ಪೇ ಚೀಟಿಯಾದಾಗ

ಕಳೆದ ಜನವರಿಯಲ್ಲಿ ಊರಿಗೆ ಹೋದ ಎರಡನೆಯ ದಿನ ಸಂಜೆ ಅತ್ತಿಗೆ ಪಕ್ಕದ ಮನೆಯ ಹುಡುಗನನ್ನು ಕರೆದರು. ಅವನ ಕೈಗೆ ಮಾತ್ರೆಯ ಖಾಲಿ ಸ್ಟ್ರಿಪ್ ಒಂದನ್ನು ಕೊಟ್ಟು, "ಮೆಡಿಕಲ್‌ನಲ್ಲಿ ಇದನ್ನು ತೋರಿಸಿ ಹದಿನೈದು ಮಾತ್ರೆ ತೆಗೆದುಕೊಂಡು ಬಾ" ಎಂದರು. ಹನ್ನೆರಡು ವರ್ಷದ ಹುಡುಗ. ಅವನು ಹೋಗಿ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ. ತಂದದ್ದನ್ನು ತಿರುಗಿಸಿ ನೋಡಿದೆ: ಆಲ್ಪ್ರಜೋಲಮ್, 0.5 ಮಿಲಿಗ್ರಾಂ, ಗಾಬರಿ ತಗ್ಗಿಸುವ ಮಾತ್ರೆ. ಆ ಹೆಸರು ನನಗೆ ಚೆನ್ನಾಗಿ ಗೊತ್ತು. ಕೈ ತಣ್ಣಗಾಯಿತು.

"ಎಷ್ಟು ದಿನದಿಂದ ಅತ್ತಿಗೆ?" ಎಂದೆ.

"ನಾಲ್ಕು ವರ್ಷವಾಯಿತೇನೋ. ಡಾಕ್ಟರೇ ಬರೆದುಕೊಟ್ಟದ್ದಪ್ಪ, ನಾನಾಗಿ ಶುರುಮಾಡಿದ್ದಲ್ಲ."

"ಎಷ್ಟು ದಿನ ತೆಗೆದುಕೊಳ್ಳಿ ಎಂದಿದ್ದರು?"

ಅವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. "ಅದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ."

ಊರಿನಿಂದ ಇಂಗ್ಲೆಂಡಿನ ಲೀಡ್ಸಿಗೆ ಮರಳಿ ಬಂದು ಇಷ್ಟು ತಿಂಗಳಾದರೂ ಆ ಎರಡು ವಾಕ್ಯಗಳು ನನ್ನನ್ನು ಬಿಟ್ಟಿಲ್ಲ. ಏಕೆಂದರೆ ನಾನೂ ಹಾಗೆಯೇ ಶುರುಮಾಡಿದವನು. ಊರಿನಲ್ಲಿ ಕೆಲಸಕ್ಕಿದ್ದಾಗ ಒಂದು ಮಧ್ಯಾಹ್ನ ಕಚೇರಿಯ ಲಿಫ್ಟಿನಲ್ಲಿ ಎದೆ ಹಿಂಡಿದಂತಾಗಿ, ಉಸಿರು ಗಂಟಲಲ್ಲೇ ಸಿಕ್ಕಿಕೊಂಡು, ಬೆರಳ ತುದಿಗಳು ಜುಮ್ಮೆಂದು, ಇನ್ನೇನು ಪ್ರಾಣ ಹೋಯಿತು ಅನ್ನಿಸಿತು. ಇಸಿಜಿ ಸರಿಯಾಗಿಯೇ ಇತ್ತು. ಗ್ಯಾಸ್ ಇರಬೇಕು ಎಂದರು ಕೆಲವರು, ನರದೌರ್ಬಲ್ಯ ಎಂದರು ಕೆಲವರು, ಅಮ್ಮ ದೃಷ್ಟಿ ತೆಗೆದರು. ಮೂರನೆಯ ಸಲ ಆದಾಗ ಒಬ್ಬ ಡಾಕ್ಟರು ಇದು ಪ್ಯಾನಿಕ್ ಡಿಸಾರ್ಡರ್, ಅಂದರೆ ಥಟ್ಟನೆ ವಿಪರೀತ ಗಾಬರಿ ಮತ್ತೆ ಮತ್ತೆ ಬರುವ ಕಾಯಿಲೆ, ಎಂದು ಸರಿಯಾಗಿ ಗುರುತಿಸಿ, ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಇದೇ ಆಲ್ಪ್ರಜೋಲಮ್‌ನ 0.25ರ ಮಾತ್ರೆ ಬರೆದರು. ಮಾತ್ರೆ ಕೆಲಸ ಮಾಡಿತು. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಲಿಫ್ಟು ಹತ್ತಿದೆ. ಆ ಡಾಕ್ಟರನ್ನು ಮತ್ತೆ ನೋಡುವ ಪ್ರಸಂಗವೇ ಬರಲಿಲ್ಲ, ಖಾಲಿ ಸ್ಟ್ರಿಪ್ ಇತ್ತಲ್ಲ. ಹಾಗೆ ಎರಡೂವರೆ ವರ್ಷ ಕಳೆಯಿತು.

ಲೀಡ್ಸಿಗೆ ಬಂದಾಗ ಸೂಟ್‌ಕೇಸಿನಲ್ಲಿ ತಂದಿದ್ದ ಮಾತ್ರೆಗಳು ಮುಗಿಯುತ್ತಾ ಬಂದವು. ಇಲ್ಲಿನ ಜಿಪಿ, ಅಂದರೆ ಮೊದಲು ಕಾಣಬೇಕಾದ ಸಾಮಾನ್ಯ ವೈದ್ಯೆಯ, ಹತ್ತಿರ ಹೋಗಿ, ಇದನ್ನೇ ಬರೆದುಕೊಡಿ ಎಂದು ಸ್ಟ್ರಿಪ್ ಮುಂದಿಟ್ಟೆ. ಆಲ್ಪ್ರಜೋಲಮ್ ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಚೀಟಿಯಲ್ಲಿ ಸಿಗುವ ಮಾತ್ರೆಯೇ ಅಲ್ಲ ಎಂದು ಆಗ ತಿಳಿಯಿತು. ಆಕೆ ನಯವಾಗಿಯೇ ಕೇಳಿದರು: "ಇದನ್ನು ಯಾವಾಗ ನಿಲ್ಲಿಸಬೇಕೆಂದು ಮಾತಾಗಿತ್ತು?" ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ಕಾಲದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ನನ್ನ ದಿನದ ಅರ್ಧ ಮಿಲಿಗ್ರಾಂ ಆಲ್ಪ್ರಜೋಲಮ್ಮನ್ನು ಆಕೆ ಅದೇ ಜಾತಿಯ, ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವ ಡಯಾಜೆಪಾಮ್‌ನ ಹತ್ತು ಮಿಲಿಗ್ರಾಂಗೆ ಸಮ ಎಂದು ಲೆಕ್ಕ ಹಾಕಿ, ಹಂತಹಂತವಾಗಿ ಅದಕ್ಕೆ ಬದಲಿಸಿದರು. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಒಂದೊಂದು ಮಿಲಿಗ್ರಾಂ ಇಳಿಕೆ. ಒಂದು ಸಲಕ್ಕೆ ಹದಿನಾಲ್ಕು ದಿನದ ಮಾತ್ರೆ ಮಾತ್ರ. ಚೀಟಿಗೂ ಆಯುಸ್ಸು 28 ದಿನ, ಅದು ದಾಟಿದರೆ ಕಾಗದ. ಮೊದಲ ಸಲ ಔಷಧಿ ತರಲು ಹೋದಾಗ ಫಾರ್ಮಾಸಿಸ್ಟ್ ನನ್ನನ್ನು ಪಕ್ಕದ ಸಣ್ಣ ಕೋಣೆಗೆ ಕರೆದು ಕೂರಿಸಿದರು. ಮದ್ಯ ಕುಡಿಯುತ್ತೀರಾ? ಕೊಡೀನ್ ಇರುವ ನೋವಿನ ಮಾತ್ರೆ ತೆಗೆದುಕೊಳ್ಳುತ್ತೀರಾ? ಗೊರಕೆ ಹೊಡೆಯುವಾಗ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದ್ದಾರಾ? ಕಾರು ಓಡಿಸುತ್ತೀರಾ? ನನಗೆ ಮುಖವೆಲ್ಲ ಬಿಸಿಯಾಯಿತು. ಮನೆಗೆ ಬಂದು ಹೆಂಡತಿಯ ಹತ್ತಿರ, "ಕಳ್ಳನನ್ನು ವಿಚಾರಿಸಿದ ಹಾಗೆ ವಿಚಾರಿಸಿದರು" ಎಂದು ಕೂಗಾಡಿದೆ. ಆ ರಾತ್ರಿ ನಮ್ಮೂರಿನ ಮೆಡಿಕಲ್‌ನವರು ಎಷ್ಟು ಒಳ್ಳೆಯವರು ಅನ್ನಿಸಿತ್ತು.

ಆ ಪ್ರಶ್ನೆಗಳಲ್ಲಿ ಒಂದೂ ವ್ಯರ್ಥವಾದದ್ದಾಗಿರಲಿಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಬೆಂಜೊಡಯಜೆಪೈನ್ ಎನ್ನುವ ಈ ಜಾತಿಯ ಮಾತ್ರೆ ಮಿದುಳನ್ನು ಮಂದಗೊಳಿಸಿ ಶಾಂತಿ ಕೊಡುತ್ತದೆ. ಮದ್ಯವೂ ಅದನ್ನೇ ಮಾಡುತ್ತದೆ, ಕೊಡೀನ್, ಟ್ರಮಡಾಲ್‌ನಂಥ ನೋವಿನ ಔಷಧಿಗಳೂ ಉಸಿರಾಟವನ್ನು ನಿಧಾನಗೊಳಿಸುತ್ತವೆ. ಎರಡು ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಈ ಜೋಡಿಯ ಬಗ್ಗೆ, 2020ರಲ್ಲಿ ಅವಲಂಬನೆ ಮತ್ತು ಬಿಡುವಾಗಿನ ತೊಂದರೆಯ ಬಗ್ಗೆ, ತಮ್ಮ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಡಬ್ಬಿಯ ಮಾಹಿತಿಯಲ್ಲಿ ಹಾಕಿಸಿದರು. ಇನ್ನು ಕಾರಿನ ಮಾತು: ಇಂಗ್ಲೆಂಡಿನಲ್ಲಿ 2015ರ ಮಾರ್ಚ್‌ನಿಂದ ಚಾಲಕನ ರಕ್ತದಲ್ಲಿ ಡಯಾಜೆಪಾಮ್, ಅದೇ ಜಾತಿಯ ಕ್ಲೋನಜೆಪಾಮ್ ಎಷ್ಟಿರಬಹುದು ಎಂಬುದಕ್ಕೂ ಕಾನೂನಿನ ಮಿತಿ ಇದೆ. ವೈದ್ಯರು ಹೇಳಿದಂತೆ ತೆಗೆದುಕೊಳ್ಳುತ್ತಿದ್ದು, ಓಡಿಸುವ ಎಚ್ಚರವೂ ಇದ್ದರೆ ರಕ್ಷಣೆ ಉಂಟು. ಮಂಪರಿದ್ದರೆ ಇಲ್ಲ. ನಾನು ಊರಿನಲ್ಲಿ ಎರಡೂವರೆ ವರ್ಷ ಪ್ರತಿ ಬೆಳಿಗ್ಗೆ ಮಾತ್ರೆ ನುಂಗಿ, ಮಗಳನ್ನು ಮುಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟವನು. ಈಗ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಇಲ್ಲಿ ಮಾತ್ರೆ ಡಬ್ಬಿಯಲ್ಲಿ ಬರುತ್ತದೆ, ಒಳಗೆ ಮಡಚಿದ ಕಾಗದ, ಮೇಲೆ ನನ್ನ ಹೆಸರು, ನಿದ್ದೆ ಬರಬಹುದು, ಬಂದರೆ ಗಾಡಿ ಓಡಿಸಬೇಡಿ, ಮದ್ಯ ಬೇಡ ಎಂಬ ಚೀಟಿ. ನಮ್ಮಲ್ಲಿ ಐದು ಬೇಕೆಂದರೆ ಕತ್ತರಿಯಿಂದ ಐದು ಕತ್ತರಿಸಿ ಕೊಡುತ್ತಾರೆ. ಕಾಗದ ಅಂಗಡಿಯಲ್ಲೇ ಉಳಿಯುತ್ತದೆ, ಎಕ್ಸ್‌ಪೈರಿ ದಿನಾಂಕ ಇನ್ಯಾರದೋ ಮನೆಗೆ ಹೋಗುತ್ತದೆ.

ನಿಲ್ಲಿಸುವ ದಾರಿಯಲ್ಲಿ ನಾನು ಕಲಿತದ್ದರಲ್ಲಿ ಎರಡು ಮಾತುಗಳನ್ನು ಊರಿನ ಪ್ರತಿಯೊಬ್ಬರಿಗೂ ಹೇಳಬೇಕೆನ್ನಿಸುತ್ತದೆ. ಮೊದಲನೆಯದು, ಆಲ್ಪ್ರಜೋಲಮ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಹನ್ನೊಂದು ಗಂಟೆ ಸಾಕು. ದಿನವೂ ತೆಗೆದುಕೊಂಡು ಮೈಗೆ ಒಗ್ಗಿದ ಮೇಲೆ ಆ ಇಳಿತವೇ ಗಾಬರಿಯನ್ನು ಎಬ್ಬಿಸುತ್ತದೆ. ಸಂಜೆ ಐದರ ಹೊತ್ತಿಗೆ ಎದೆ ಡವಗುಟ್ಟತೊಡಗಿದಾಗ ಕಾಯಿಲೆ ಇನ್ನೂ ಹೋಗಿಲ್ಲ, ಮಾತ್ರೆ ಬೇಕೇ ಬೇಕು ಎಂದು ನಾನು ತಿಳಿದಿದ್ದೆ. ಅದರಲ್ಲಿ ಎಷ್ಟು ಪಾಲು ಕಾಯಿಲೆಯದು, ಎಷ್ಟು ಪಾಲು ಮಾತ್ರೆಯದೇ ಎಂದು ಬಿಡಿಸಿ ಹೇಳುವವರು ಹತ್ತಿರ ಇರಲಿಲ್ಲ.

ಎರಡನೆಯದು ನನ್ನ ಅಂಗಿಯ ಜೇಬಿಗೆ ಸಂಬಂಧಿಸಿದ್ದು. ಅಲ್ಲಿ ಸದಾ ಎರಡು ಮಾತ್ರೆ ಇರುತ್ತಿದ್ದವು. ಮದುವೆಗೆ ಹೋದರೂ, ಸಿನಿಮಾಕ್ಕೆ ಹೋದರೂ. ಒಮ್ಮೆ ಅರ್ಧ ದಾರಿಯಿಂದ ಬಸ್ ಇಳಿದು ಮನೆಗೆ ಓಡಿದ್ದು ಜೇಬು ಖಾಲಿ ಇದೆ ಎಂದು ಗೊತ್ತಾದಾಗ. ಇಲ್ಲಿ ಮಾತಿನ ಚಿಕಿತ್ಸೆ ಕೊಟ್ಟಾಕೆ ಒಂದು ಕಾಗದದ ಮೇಲೆ ಗುಡ್ಡದ ಹಾಗೆ ಒಂದು ಗೆರೆ ಎಳೆದರು. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ತಾನಾಗಿಯೇ ಇಳಿಯುತ್ತದೆ ಎಂದರು. "ನುಂಗಿದ ಮಾತ್ರೆ ಹೊಟ್ಟೆಯಿಂದ ರಕ್ತಕ್ಕೆ ಸೇರಿ ಕೆಲಸ ಶುರುಮಾಡಲು ಎಷ್ಟು ಹೊತ್ತು ಬೇಕು?" ಎಂದು ಕೇಳಿದರು. ಅರ್ಧ ಗಂಟೆ ಎಂದೆ. ಅಂದ ಮೇಲೆ ಅಷ್ಟು ವರ್ಷ ಪ್ರತಿ ಅಟ್ಯಾಕನ್ನೂ ದಾಟಿ ಬಂದದ್ದು ಬಹುಪಾಲು ನನ್ನ ಮೈಯೇ. ಹೆಸರು ಮಾತ್ರ ಮಾತ್ರೆಗೆ. ಆ ಗೆರೆಯನ್ನು ನೋಡುತ್ತಾ ನಾನು ಅತ್ತುಬಿಟ್ಟೆ.

ಆಮೇಲಿನ ವಾರಗಳಲ್ಲಿ ಆಕೆ ನನ್ನನ್ನು ತಿರುಗುವ ಕುರ್ಚಿಯಲ್ಲಿ ಗಿರಗಿರ ತಿರುಗಿಸಿದರು, ಸ್ಟ್ರಾದಿಂದ ಉಸಿರಾಡಿಸಿದರು, ಮೆಟ್ಟಿಲು ಹತ್ತಿಸಿದರು. ಎದೆಬಡಿತ, ತಲೆಸುತ್ತು ಬೇಕೆಂದೇ ಬರಿಸಿ, ಬಂದರೂ ಏನೂ ಆಗುವುದಿಲ್ಲ ಎಂದು ಮೈಗೇ ಕಲಿಸುವ ಪಾಠ ಅದು. ಮಾತ್ರೆಯ ಮಂಪರಿನಲ್ಲಿ ಆ ಪಾಠ ಸರಿಯಾಗಿ ತಲೆಗೆ ಹತ್ತುವುದಿಲ್ಲವಂತೆ. ಕೊನೆಯ ಪಾಠ, ಜೇಬು ಖಾಲಿ ಇಟ್ಟುಕೊಂಡು ಬಸ್ ಹತ್ತುವುದು.

ಬ್ರಿಟನ್ನಿನವರು ಹುಟ್ಟಿನಿಂದಲೇ ಹೀಗಿದ್ದವರಲ್ಲ. ಈ ಜಾತಿಯ ಮೊದಲ ಮಾತ್ರೆ ಕ್ಲೋರ್‌ಡಯಾಜೆಪಾಕ್ಸೈಡ್ ಬಂದದ್ದು 1960ರಲ್ಲಿ, ಡಯಾಜೆಪಾಮ್ 1963ರಲ್ಲಿ. ಆಮೇಲೆ ಎರಡು ದಶಕ ಇಲ್ಲಿಯೂ ಕೇಳಿದವರಿಗೆಲ್ಲ ಬರೆದುಕೊಟ್ಟರು, ಮುಖ್ಯವಾಗಿ ಮನೆಯಲ್ಲಿರುವ ಹೆಂಗಸರಿಗೆ. ಬಿಡಲಾಗದೆ ನರಳಿದವರಿಗಾಗಿಯೇ ಪ್ರೊಫೆಸರ್ ಹೆದರ್ ಆಶ್ಟನ್ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಕ್ಲಿನಿಕ್ ನಡೆಸಿದರು. ನನ್ನಂಥವರನ್ನು ಡಯಾಜೆಪಾಮ್‌ಗೆ ಬದಲಿಸಿ ನಿಧಾನವಾಗಿ ಇಳಿಸುವ ಕ್ರಮ ಪ್ರಚಾರಕ್ಕೆ ಬಂದದ್ದು ಅವರಿಂದ. 1988ರಲ್ಲಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂಬ ಸರ್ಕಾರಿ ಸಲಹೆ ಬಂತು. ಚಿಕಿತ್ಸೆ ಹೇಗಿರಬೇಕೆಂದು ವೈದ್ಯರಿಗೆ ಸಲಹೆ ಕೊಡುವ ಇಲ್ಲಿನ ಸಂಸ್ಥೆ ನೈಸ್‌ನ 2011ರ ಮಾರ್ಗಸೂಚಿ ಪ್ಯಾನಿಕ್ ಡಿಸಾರ್ಡರ್‌ಗೆ ಈ ಮಾತ್ರೆಗಳು ಬೇಡವೇ ಬೇಡ, ಮಾತಿನ ಚಿಕಿತ್ಸೆ ಅಥವಾ ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿ ಕೊಡಿ ಎಂದಿತು. ಅದರದೇ 2022ರ ಮಾರ್ಗಸೂಚಿಯಂತೂ ಶುರುಮಾಡುವ ದಿನವೇ ಎಷ್ಟು ಕಾಲ, ಯಾವಾಗ ಪರಿಶೀಲನೆ, ನಿಲ್ಲಿಸುವುದು ಹೇಗೆ ಎಂದು ರೋಗಿಯೊಂದಿಗೆ ಕೂತು ಮಾತನಾಡಿ ಎನ್ನುತ್ತದೆ. ಕೈ ಸುಟ್ಟುಕೊಂಡು ಕಲಿತ ಬುದ್ಧಿ ಇದು.

ನಮ್ಮಲ್ಲಿ ಕಾನೂನಿಲ್ಲವೇ? ಇದೆ. 2014ರ ಮಾರ್ಚ್ 1ರಿಂದ ಆಲ್ಪ್ರಜೋಲಮ್, ಡಯಾಜೆಪಾಮ್ ಎರಡೂ ಶೆಡ್ಯೂಲ್ ಎಚ್1 ಎಂಬ ಬಿಗಿ ನಿಯಮದ ಔಷಧಿಗಳ ಪಟ್ಟಿಯಲ್ಲಿವೆ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂದು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೆಂಪು ಚೌಕಟ್ಟಿನೊಳಗೆ ಅಚ್ಚು ಹಾಕಬೇಕು. ಆ ಹನ್ನೆರಡು ವರ್ಷದ ಹುಡುಗನ ಹೆಸರನ್ನು ಯಾರು ಬರೆದುಕೊಂಡರು? ಇನ್ನೂ ನನ್ನನ್ನು ಕಾಡುವುದು ಎಸ್‌ಎಸ್‌ಆರ್‌ಐ ಗುಂಪಿನ ಎಸಿಟಾಲೊಪ್ರಾಮ್ ಮತ್ತು ಕ್ಲೋನಜೆಪಾಮ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಮಾರುವ ಪದ್ಧತಿ. ಮೊದಲನೆಯದು ಕೆಲಸ ಶುರುಮಾಡಲು ವಾರಗಳು ಬೇಕು, ತಿಂಗಳುಗಟ್ಟಲೆ ಮುಂದುವರಿಸಬೇಕು. ಎರಡನೆಯದು ಬೇಕಾದರೂ ಆ ಮೊದಲ ಕೆಲವು ವಾರಕ್ಕೆ ಮಾತ್ರ. ಎರಡನ್ನೂ ಅಂಟಿಸಿಬಿಟ್ಟರೆ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಇಳಿಸುವುದು ಹೇಗೆ?

ಇಷ್ಟು ಬರೆದ ಮೇಲೆ ಹೇಳಲೇಬೇಕಾದದ್ದೂ ಇದೆ. ಆ ಗುಡ್ಡದ ಗೆರೆ ಎಳೆದ ಮಾತಿನ ಚಿಕಿತ್ಸೆಗೆ ನಾನು ಐದು ತಿಂಗಳು ಕಾದೆ. ಆ ಐದು ತಿಂಗಳ ರಾತ್ರಿಗಳು ಹೇಗಿದ್ದವೆಂದು ನನ್ನ ಹೆಂಡತಿಗೆ ಮಾತ್ರ ಗೊತ್ತು. ಇಲ್ಲಿ ನನಗೆ ಪರಿಚಯದ ಒಬ್ಬರಿಗೆ ಹೊಸ ವೈದ್ಯರು ಇದ್ದಕ್ಕಿದ್ದಂತೆ ಚೀಟಿ ನಿಲ್ಲಿಸಿದರು. ನಿದ್ದೆಯಿಲ್ಲ, ಕೈಕಾಲು ನಡುಕ. ಬಹುಕಾಲ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಬಿಗಿ ನಿಯಮವೂ ತಪ್ಪು ಕೈಯಲ್ಲಿ ಹಾಗೆ ಮನುಷ್ಯನನ್ನು ನೂಕಿಬಿಡುತ್ತದೆ. ಊರಿನಲ್ಲಿ ನನ್ನನ್ನು ಡಾಕ್ಟರು ನೋಡಿದ್ದು ಅದೇ ಸಂಜೆ, ಅವರ ಮುಂದೆ ಐವತ್ತು ಜನ ಕಾಯುತ್ತಿದ್ದರೂ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಅವರು ಕೊಟ್ಟ ಆ ಮಾತ್ರೆ ಆ ದಿನದ ಮಟ್ಟಿಗೆ ದೊಡ್ಡ ಉಪಕಾರವೇ. ಆ ತಿಂಗಳು ಅಮ್ಮ ನನ್ನ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದರು. ಲೀಡ್ಸಿನ ಯಾವ ಡಬ್ಬಿಯಲ್ಲೂ ಅದು ಬರುವುದಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯದ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದನ್ನೇ ದೇಶ 1996ರಲ್ಲಿ ತನ್ನ ಕಾರ್ಯಕ್ರಮವಾಗಿ ತೆಗೆದುಕೊಂಡಿತು. 2022ರ ಅಕ್ಟೋಬರ್‌ನಿಂದ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಅಣ್ಣನ ಮನೆಯ ಗೋಡೆಯ ಮೇಲೆ ನಾನೇ ಬರೆದು ಅಂಟಿಸಿ ಬಂದೆ.

ಅತ್ತಿಗೆ ನನ್ನ ಮಾತನ್ನೆಲ್ಲ ಕೇಳಿ ಅಂದು ರಾತ್ರಿಯೇ, "ಹಾಗಾದರೆ ನಾಳೆಯಿಂದ ಬಿಟ್ಟುಬಿಡುತ್ತೇನೆ" ಎಂದರು. ನಾನು ಇನ್ನಷ್ಟು ಹೆದರಿದೆ. ಬೇಡ, ಒಂದು ದಿನವೂ ತಪ್ಪಿಸಬೇಡಿ, ಮೊದಲು ಡಾಕ್ಟರನ್ನು ನೋಡೋಣ ಎಂದು ಕೈಹಿಡಿದು ಬೇಡಿಕೊಂಡೆ. ಮರುವಾರ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಅಣ್ಣ ಕರೆದುಕೊಂಡು ಹೋದ. ನಾನು ಆಗಲೇ ವಿಮಾನ ಹತ್ತಿದ್ದೆ.

ಇಲ್ಲಿಗೆ ತಲುಪಿದ ದಿನ ಅವರದೇ ಕರೆ. ಚೀಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲು ಓದಿ ಹೇಳಿದರು: ಈ ತಿಂಗಳು ಇಷ್ಟು, ಬರುವ ತಿಂಗಳು ಇಷ್ಟು, ಮಧ್ಯೆ ತೊಂದರೆಯಾದರೆ ಇಳಿಸದೆ ಬಂದು ಕಾಣಬೇಕು.

"ಎಷ್ಟು ದಿನ ಎಂದು ಹೇಳಿದರಾ ಅತ್ತಿಗೆ?"

"ಅವರಾಗಿ ಹೇಳಲಿಲ್ಲ. ನಾನೇ ಕೇಳಿದೆ. ಎಂಟು ತಿಂಗಳು ಹಿಡಿಯಬಹುದು ಎಂದು ಕೆಳಗೆ ಬರೆದುಕೊಟ್ಟಿದ್ದಾರೆ."